ಅಣ್ಣನ ಫಿಯಟ್ ಮತ್ತು ಕಲಾಸಿಪಾಳ್ಯ

ದಸರಾ ರಜೆ ಬಂತೆಂದರೆ ನಮ್ಮ ಬೀದಿಯ ತಾತಂದಿರಿಗೆಲ್ಲ ಒಂದೇ ಚಿಂತೆ. ಮೊಮ್ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? 2024ರ ರಜೆಯಲ್ಲಿ ಎದುರು ಮನೆಯವರು ಮೈಸೂರಿಗೆ ಹೋದರು. ಪಕ್ಕದ ಮನೆಯವರು ಬನ್ನೇರುಘಟ್ಟಕ್ಕೆ ಹೋಗಿ ಹುಲಿ ನೋಡಿ ಬಂದರು. ಒಂಬತ್ತನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳನ್ನು ನಾನು ಕರೆದುಕೊಂಡು ಹೋದದ್ದು ಕಲಾಸಿಪಾಳ್ಯಕ್ಕೆ. ಅದೂ ಒಂದು ದಿನವಲ್ಲ, ಹನ್ನೊಂದು ದಿನ!

"ಅಯ್ಯೋ, ಅಲ್ಲೇನಿದೆ ಅಂತ? ಬಸ್ಸು, ಲಾರಿ, ಕೋಸಿನ ಮೂಟೆ" ಎಂದು ನಮ್ಮ ಮನೆಯಾಕೆ ನಕ್ಕಳು. ಅವಳು ಹೇಳಿದ ಮೂರೂ ಅಲ್ಲಿವೆ, ಸುಳ್ಳಲ್ಲ. ಆದರೆ ನಾಲ್ಕನೆಯದೊಂದು ಇದೆ. ಐವತ್ತು ವರ್ಷದ ಕಾರನ್ನು ಮತ್ತೆ ರಸ್ತೆಗೆ ಇಳಿಸಬಲ್ಲ ಕೈಗಳು ಅಲ್ಲಿವೆ. ನಮಗೆ ಬೇಕಾಗಿದ್ದದ್ದು ಅದೇ.

ಕಾರು ನನ್ನದಲ್ಲ, ನನ್ನ ಅಣ್ಣನದು. 1974ರಲ್ಲಿ ನೋಂದಣಿಯಾದ ಫಿಯಟ್. ಆ ವರ್ಷದಿಂದಲೇ ಅದಕ್ಕೆ 'ಪ್ರೀಮಿಯರ್ ಪದ್ಮಿನಿ' ಎಂಬ ಹೆಸರು ಬಂದದ್ದು. ಆದರೂ ನಮ್ಮ ಕಾಲದವರ ಬಾಯಲ್ಲಿ ಅದು ಕೊನೆಯವರೆಗೂ ಫಿಯಟ್ಟೇ. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿತ್ತು. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ಕಾಯಲಾರದೆ ಅಣ್ಣ 1979ರಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡ. ಮೂರು ವರ್ಷದ ಹಿಂದೆ ಅವನು ತೀರಿಕೊಂಡ ಮೇಲೆ ಅದು ಚಾಮರಾಜಪೇಟೆಯ ನಮ್ಮ ಮನೆ ಹಿಂದಿನ ಶೀಟಿನ ಚಪ್ಪರದಡಿ ಬಂದು ನಿಂತಿತು. ಟಾರ್ಪಾಲು ಹೊದ್ದು ನಿಂತೇ ಇತ್ತು. ನಾನೂ ಅದರ ಹತ್ತಿರ ಹೆಚ್ಚಾಗಿ ಹೋಗುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು, ಮುಂದೆ ಹೇಳುತ್ತೇನೆ.

ಟಾರ್ಪಾಲು ಸರಿಸಿದವಳು ಮೊಮ್ಮಗಳೇ. ಗೇರಿನ ಕೋಲು ಸ್ಟೀರಿಂಗಿನ ಪಕ್ಕದಲ್ಲಿರುವುದನ್ನು ನೋಡಿ ಅವಳಿಗೆ ಬಹಳ ಸೋಜಿಗ. "ತಾತ, ದೊಡ್ಡತಾತ ಇದರಲ್ಲಿ ರೇಸ್ ಹೋಗ್ತಿದ್ರಂತೆ, ಹೌದಾ?" ಎಂದಳು.

"ರೇಸ್ ಅಲ್ಲ ಪುಟ್ಟಿ, ರ‍್ಯಾಲಿ" ಎಂದೆ.

"ಹಾಗಾದ್ರೆ ಇದಕ್ಕೆ ಟರ್ಬೊ ಹಾಕಿಸೋಣ!"

ಹೀಗೆ ಶುರುವಾಯಿತು ನಮ್ಮ ಯಾತ್ರೆ.

ನಮ್ಮ ಮನೆಯಿಂದ ಕಲಾಸಿಪಾಳ್ಯಕ್ಕೆ ನಡೆದೇ ಹೋಗಬಹುದು. ಚಾಮರಾಜಪೇಟೆ 1892ರಲ್ಲಿ ಹುಟ್ಟಿದ ಬಡಾವಣೆ. ಅಲ್ಲಿಂದ ಕೋಟೆ ಹೈಸ್ಕೂಲು ದಾಟಿ ಆಲೂರು ವೆಂಕಟರಾವ್ ರಸ್ತೆಯಲ್ಲಿ ಸಾಗಿದರೆ ಟಿಪ್ಪುವಿನ ಬೇಸಿಗೆ ಅರಮನೆ, ಕೋಟೆ ವೆಂಕಟರಮಣ ಸ್ವಾಮಿಯ ದೇವಸ್ಥಾನ ಅಕ್ಕಪಕ್ಕದಲ್ಲಿ ಸಿಗುತ್ತವೆ. ಅರಮನೆ ಮುಗಿದದ್ದು 1791ರಲ್ಲಿ. ಅದೇ ವರ್ಷ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರಿನ ಕೋಟೆಯನ್ನು ಹಿಡಿಯಿತು. ಸ್ವಲ್ಪ ಮುಂದೆ 1900ರಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ ಆಸ್ಪತ್ರೆ, ಆಚೆಗೆ 1928ರ ಕೃಷ್ಣರಾಜೇಂದ್ರ ಮಾರುಕಟ್ಟೆ. ಇವುಗಳ ಮಗ್ಗುಲಲ್ಲೇ ಕಲಾಸಿಪಾಳ್ಯ. ದೂರದಿಂದ ಬರುವವರು ಮೆಟ್ರೊದ ಹಸಿರು ಮಾರ್ಗದಲ್ಲಿ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ಸಾಕು.

ಹೆಸರು ಹೇಗೆ ಬಂತೆಂದು ಮೊಮ್ಮಗಳು ಕೇಳಿದಳು. ಖಲಾಸಿ ಎಂದರೆ ಡೇರೆ ಹಾಕುವ, ಹಗ್ಗ ಎಳೆಯುವ, ಭಾರ ಸಾಗಿಸುವ ಕೆಲಸಗಾರ. ಕೋಟೆಯ ಸೈನ್ಯದ ಖಲಾಸಿಗಳು ಇಲ್ಲಿ ಬಿಡಾರ ಹೂಡಿದ್ದರಿಂದ ಈ ಹೆಸರು ಬಂತೆಂದು ಹಿರಿಯರು ಹೇಳುವುದುಂಟು. ಆ ಮಾತು ನಿಜವಿರಲಿ ಬಿಡಲಿ, ಊರಿನ ಭಾರವನ್ನು ಎತ್ತಿ ಇಳಿಸುವ ಕೆಲಸ ಇಂದಿಗೂ ಇಲ್ಲಿ ನಿಂತಿಲ್ಲ. ಲಾರಿ ಆಫೀಸುಗಳು, ತರಕಾರಿ ಮಂಡಿ, ತಲೆಯ ಮೇಲೆ ಮೂಟೆ ಹೊತ್ತು "ದಾರಿ, ದಾರಿ" ಎಂದು ಕೂಗುತ್ತಾ ಬರುವವರು, ಎಲ್ಲ ಇದ್ದಾರೆ. ಜಲಕಂಠೇಶ್ವರ ಸ್ವಾಮಿ ಈ ಗದ್ದಲದ ನಡುವೆಯೇ ತಣ್ಣಗೆ ಕುಳಿತಿದ್ದಾನೆ. ಬಸ್ ನಿಲ್ದಾಣ ಮಾತ್ರ ಗುರುತು ಸಿಗದಷ್ಟು ಬದಲಾಗಿದೆ. ಹಿಂದೆ ಮಳೆ ಬಂದರೆ ಕೆಸರಿನ ಹೊಂಡ. 2023ರಲ್ಲಿ ಹೊಸ ಕಟ್ಟಡ ಶುರುವಾದ ಮೇಲೆ ಪ್ಯಾಂಟು ಮಡಿಸದೆ ಬಸ್ಸು ಹತ್ತಬಹುದು.

ಕಲಾಸಿಪಾಳ್ಯ, ಅದಕ್ಕೆ ಅಂಟಿಕೊಂಡ ಜೆ.ಸಿ. ರಸ್ತೆ, ಕುಂಬಾರಗುಂಡಿ, ಎಸ್.ಜೆ.ಪಿ. ರಸ್ತೆ, ಇಷ್ಟೂ ಸೇರಿದರೆ ಬಿಡಿಭಾಗಗಳ ಒಂದು ದೊಡ್ಡ ಸಂತೆ. ದೊಡ್ಡ ಬೀದಿಗಳಲ್ಲಿ ಗಾಜಿನ ಬಾಗಿಲಿನ ಅಂಗಡಿಗಳು. ಒಳಗಿನ ಓಣಿಗಳಲ್ಲಿ ಹತ್ತಡಿ ಅಗಲದ ಮಳಿಗೆಗಳು. ಒಬ್ಬರು ಬೇರಿಂಗು ಮಾತ್ರ ಮಾರುತ್ತಾರೆ, ಇನ್ನೊಬ್ಬರದು ಗ್ಯಾಸ್ಕೆಟ್ಟು ಮಾತ್ರ. ಮತ್ತೊಬ್ಬರ ಅಂಗಡಿಯಲ್ಲಿ ರಬ್ಬರು ಬಿಟ್ಟು ಬೇರೇನೂ ಇಲ್ಲ. ಅದರಾಚೆ ಲೇತ್ ಯಂತ್ರದ ಕೀರಲು ಸದ್ದು, ವೆಲ್ಡಿಂಗಿನ ನೀಲಿ ಬೆಳಕು.

ಮಕ್ಕಳೇ, ಇಲ್ಲಿ ಸಾಮಾನು ಕೇಳುವುದಕ್ಕೂ ಒಂದು ಕ್ರಮವಿದೆ. ಮೊದಲ ದಿನ ನಾನು ನೀಟಾಗಿ ಪಟ್ಟಿ ಬರೆದುಕೊಂಡು ಹೋದೆ. ಬ್ಯಾಂಕಿನ ಅಭ್ಯಾಸ ನೋಡಿ. ಅಂಗಡಿಯ ಹುಡುಗ ಪಟ್ಟಿಯನ್ನು ನೋಡಲೇ ಇಲ್ಲ. "ಹಳೇದು ತಂದಿದೀರಾ ಸಾರ್?" ಎಂದ. ಇಲ್ಲವೆಂದೆ. "ನಾಳೆ ತನ್ನಿ" ಎಂದು ಒಳಗೆ ಹೋದ. ಮರುದಿನ ಸವೆದ ರಬ್ಬರು ಬುಷ್ಷನ್ನು ಕಾಗದದಲ್ಲಿ ಸುತ್ತಿ ಒಯ್ದೆವು. ಅವನು ಅದನ್ನು ಹೆಬ್ಬೆರಳಲ್ಲಿ ಉರುಳಿಸಿ ನೋಡಿ, ಏಣಿ ಹತ್ತಿ, ಧೂಳು ಹಿಡಿದ ಡಬ್ಬಿಯಿಂದ ಅದರದೇ ಜೋಡಿಯನ್ನು ತೆಗೆದುಕೊಟ್ಟ. ಕಲಾಸಿಪಾಳ್ಯದಲ್ಲಿ ಹಳೆಯ ಸಾಮಾನೇ ಚೀಟಿ, ಹಳೆಯ ಸಾಮಾನೇ ಸಹಿ.

ಈಗ ಫಿಯಟ್ಟಿನ ಸಾಮಾನು ವಿರಳವಾಗುತ್ತಿದೆ. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಆಯುಸ್ಸು 2023ರ ಅಕ್ಟೋಬರಿಗೆ ಮುಗಿಯಿತು. ಟ್ಯಾಕ್ಸಿ ಓಡುವವರೆಗೆ ಬಿಡಿಭಾಗಕ್ಕೆ ಗಿರಾಕಿ ಇರುತ್ತಾರೆ, ಆಮೇಲೆ ನಮ್ಮಂಥ ಮುದುಕರು ಮಾತ್ರ.

ನಾಲ್ಕಾರು ಕಡೆ ವಿಚಾರಿಸಿದ ಮೇಲೆ ಒಂದು ಓಣಿಯ ಕೊನೆಯ ಗ್ಯಾರೇಜು ತೋರಿಸಿದರು. ಅಲ್ಲಿನ ಮೇಸ್ತ್ರಿಗೆ ನನ್ನದೇ ವಯಸ್ಸು. ಎಲ್ಲರೂ ಅವರನ್ನು ಭಾಯಿ ಎನ್ನುತ್ತಾರೆ, ನಾವೂ ಹಾಗೇ ಕರೆದೆವು. ಕಾರನ್ನು ಟೋ ಮಾಡಿಸಿ ತಂದು ನಿಲ್ಲಿಸಿದಾಗ ಅವರು ಬಾನೆಟ್ಟು ತೆಗೆಯಲಿಲ್ಲ. ಕೆಳಗೆ ಬಗ್ಗಿ ಚಕ್ರಗಳ ಒಳಗೆ ಟಾರ್ಚು ಬಿಟ್ಟು ನೋಡಿದರು. ಎದ್ದು, "ಎಡಗಡೆ ಮುಂದೆ ಹಳೇ ವೆಲ್ಡಿಂಗ್ ಇದೆ. ಎಲ್ಲಾದ್ರೂ ಗುದ್ದಿತ್ತಾ ಯಜಮಾನ್ರೇ?" ಎಂದರು.

"ಬಹಳ ಹಳೇ ಕಥೆ" ಎಂದು ನಾನು ಮಾತು ತೇಲಿಸಿದೆ.

ಮೊಮ್ಮಗಳು ಟರ್ಬೊ ವಿಷಯ ಎತ್ತಿದಳು. ಭಾಯಿ ನಗಲಿಲ್ಲ. ದೊಡ್ಡವರ ಜೊತೆ ಮಾತಾಡುವ ಹಾಗೆಯೇ ಅವಳ ಜೊತೆ ಮಾತಾಡಿದರು. "ಇಂಜಿನ್ ಹೇಗೆ ಕೆಲಸ ಮಾಡುತ್ತೆ, ಮೊದಲು ಅದು ಹೇಳಮ್ಮ" ಎಂದರು. ಅವಳಿಗೆ ಅರ್ಧ ಗೊತ್ತಿತ್ತು. ಉಳಿದರ್ಧವನ್ನು ಅವರೇ ಕೈಬೆರಳಲ್ಲಿ ಎಣಿಸಿ ಹೇಳಿದರು. ಹೀರು, ಒತ್ತು, ಉರಿಸು, ಉಗುಳು. ನಾಲ್ಕೇ ಕೆಲಸ. ಪಿಸ್ಟನ್ನು ಕೆಳಗಿಳಿದು ಪೆಟ್ರೋಲು ಬೆರೆತ ಗಾಳಿಯನ್ನು ಹೀರುತ್ತದೆ. ಮೇಲೆ ಬಂದು ಒತ್ತುತ್ತದೆ. ಪ್ಲಗ್ಗು ಕಿಡಿ ಹಾರಿಸಿದಾಗ ಉರಿದು ಕೆಳಗೆ ತಳ್ಳಿಸಿಕೊಳ್ಳುತ್ತದೆ. ಮತ್ತೆ ಮೇಲೆ ಬಂದು ಹೊಗೆಯನ್ನು ಹೊರಗೆ ಉಗುಳುತ್ತದೆ. ಜರ್ಮನಿಯ ನಿಕೊಲಾಸ್ ಆಟೊ 1876ರಲ್ಲಿ ಇಂಥ ಇಂಜಿನ್ನನ್ನು ಓಡಿಸಿ ತೋರಿಸಿದ.

ನಮ್ಮ ಫಿಯಟ್ಟಿನದು ನಾಲ್ಕು ಸಿಲಿಂಡರಿನ 1089 ಸಿ.ಸಿ. ಇಂಜಿನ್. ಅಂದರೆ ಒಂದೊಂದು ಸಿಲಿಂಡರಿಗೆ ಒಂದು ದೊಡ್ಡ ಲೋಟದಷ್ಟು, ಸುಮಾರು 272 ಸಿ.ಸಿ. ಜಾಗ. ಕಿಡಿ ಹಾರುವ ಸರದಿ 1, 3, 4, 2. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರಿನಲ್ಲಿ ಎರಡು ಸುತ್ತಿಗೊಂದು ಕಿಡಿ. ಲೆಕ್ಕ ಹಾಕು ಎಂದೆ. ಮೊಮ್ಮಗಳು ಬೆರಳು ಮಡಿಸಿ, "ನಿಮಿಷಕ್ಕೆ 6000, ಸೆಕೆಂಡಿಗೆ ನೂರು ಕಿಡಿ!" ಎಂದು ಕಣ್ಣರಳಿಸಿದಳು.

"ಆ ನೂರೂ ಸರಿಯಾದ ಹೊತ್ತಿಗೆ ಹಾರಬೇಕು. ಅದಕ್ಕೇ ಟ್ಯೂನಿಂಗ್ ಅನ್ನೋದು" ಎಂದರು ಭಾಯಿ. "ಹೊಸ ಶಕ್ತಿ ತುಂಬೋದಲ್ಲಮ್ಮ, ಇರೋ ಶಕ್ತಿ ಪೋಲಾಗದ ಹಾಗೆ ನೋಡಿಕೊಳ್ಳೋದು."

ಆಮೇಲಿನ ದಿನಗಳಲ್ಲಿ ಅದನ್ನು ಕಣ್ಣಾರೆ ನೋಡಿದೆವು. ಪ್ಲಗ್ಗು ಬಿಚ್ಚಿದರೆ ಇಂಜಿನ್ನಿನ ಆರೋಗ್ಯ ತಿಳಿಯುತ್ತದೆ, ವೈದ್ಯರು ನಾಲಿಗೆ ನೋಡುವ ಹಾಗೆ. ತುದಿ ಕಾಫಿಪುಡಿಯ ಬಣ್ಣಕ್ಕಿದ್ದರೆ ಚೆನ್ನ. ಕಾಡಿಗೆಯ ಹಾಗೆ ಕಪ್ಪಗಿದ್ದರೆ ಪೆಟ್ರೋಲು ಹೆಚ್ಚು, ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚು. ಒಂದು ತೂಕ ಪೆಟ್ರೋಲಿಗೆ ಸುಮಾರು ಹದಿನೈದು ತೂಕ ಗಾಳಿ, ಇದು ಹದವಾದ ಮಿಶ್ರಣ. ನಮ್ಮದು ಕಾಡಿಗೆ ಕಪ್ಪು. ಅಣ್ಣ ಕಾರ್ಬೊರೇಟರಿಗೆ ದೊಡ್ಡ ಜೆಟ್ಟು ಹಾಕಿಸಿದ್ದ. ಭಾಯಿ ಮತ್ತೆ ಅಳತೆಗೆ ತಕ್ಕ ಜೆಟ್ಟು ಹಾಕಿ, ಕಾರ್ಬೊರೇಟರಿನ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಕಣ್ಣುಮುಚ್ಚಿ ಕೇಳುತ್ತಿದ್ದರು. ವೀಣೆ ಶ್ರುತಿ ಮಾಡುವವರು ಕೂಡ ಹೀಗೇ ತಲೆ ಓರೆ ಮಾಡುತ್ತಾರೆ. ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟುಗಳ ನಡುವಿನ ಸಂದನ್ನು ಫೀಲರ್ ಗೇಜಿನ ತೆಳು ತಗಡಿನಿಂದ ಅಳೆದರು. ಅರ್ಧ ಮಿಲಿಮೀಟರಿಗೂ ಕಡಿಮೆ. ಅಷ್ಟು ಸಣ್ಣ ಸಂದು ಏರುಪೇರಾದರೆ ಇಡೀ ಗಾಡಿ ಎಗರಾಡುತ್ತದೆ.

ಸಣ್ಣ ಕಾರನ್ನು ಹೀಗೆ ಹದ ಮಾಡುವುದನ್ನೇ ಬದುಕು ಮಾಡಿಕೊಂಡವರಿದ್ದಾರೆ. ಇಟಲಿಯಲ್ಲಿ ಕಾರ್ಲೊ ಅಬಾರ್ಥ್ ಎಂಬಾತ 1949ರಲ್ಲಿ ಕಂಪನಿ ಕಟ್ಟಿ ಪುಟ್ಟ ಫಿಯಟ್ ಕಾರುಗಳನ್ನು ರೇಸಿಗೆ ಸಿದ್ಧಪಡಿಸುತ್ತಿದ್ದ. ಅವನ ಗುರುತು ಚೇಳು. ನಮ್ಮಲ್ಲೂ ಮದರಾಸಿನ ಬಳಿ ಶೋಳಾವರಂನ ಹಳೆಯ ವಿಮಾನದ ಪಟ್ಟಿಯಲ್ಲಿ ರೇಸುಗಳಾಗುತ್ತಿದ್ದವು, ಹದ ಮಾಡಿದ ಫಿಯಟ್ಟುಗಳು ಓಡುತ್ತಿದ್ದವು. ನಮ್ಮ ರಾಜ್ಯದಲ್ಲಿ ಕೆ-1000 ರ‍್ಯಾಲಿ ಹೆಸರಾಗಿತ್ತು. ನನ್ನ ಅಣ್ಣನಂಥವರು ಅದರ ಸುದ್ದಿ ಓದಿಯೇ ಹುಚ್ಚು ಹಿಡಿಸಿಕೊಂಡದ್ದು.

ಇನ್ನೊಂದು ಸಂಗತಿ ನಮ್ಮ ಊರಿನವರು ತಿಳಿದಿರಬೇಕು. ಬೆಂಗಳೂರಿನಲ್ಲೇ ಮೋಟಾರು ಕಾರ್ಖಾನೆ ಆಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಬಹಳ ಓಡಾಡಿದರು. ಅಂದಿನ ಬ್ರಿಟಿಷ್ ಸರ್ಕಾರದ ಒಪ್ಪಿಗೆ ಸಿಗಲಿಲ್ಲ. ಈ ಪ್ರಯತ್ನದಲ್ಲಿದ್ದ ಉದ್ಯಮಿ ವಾಲಚಂದ್ ಹೀರಾಚಂದ್ 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ನಮ್ಮ ಊರಲ್ಲಿ ವಿಮಾನದ ಕಾರ್ಖಾನೆ ತೆರೆದರು, ಅದೇ ಇಂದಿನ ಎಚ್.ಎ.ಎಲ್. ಮೋಟಾರಿನದು ಪ್ರೀಮಿಯರ್ ಎಂಬ ಹೆಸರಿನಲ್ಲಿ 1944ರಲ್ಲಿ ಮುಂಬಯಿಯಲ್ಲಿ ಶುರುವಾಯಿತು. ಹಾಗಿಲ್ಲದಿದ್ದರೆ ನಮ್ಮ ಫಿಯಟ್ಟು ಇಲ್ಲೇ ಹುಟ್ಟುತ್ತಿತ್ತೋ ಏನೋ!

ಇಷ್ಟರಲ್ಲಿ ಐದಾರು ದಿನ ಕಳೆದಿದ್ದವು. ಖರ್ಚಿನ ಪುಸ್ತಕ ನನ್ನ ಕೈಯಲ್ಲಿ. ಇಂಜಿನ್ನಿಗೆ ಇಷ್ಟು, ಬಣ್ಣಕ್ಕೆ ಇಷ್ಟು, ಸೀಟಿಗೆ ಇಷ್ಟು ಎಂದು ಬರೆದು ಭಾಯಿಗೆ ತೋರಿಸಿದೆ. ಅವರು ಓದಿ, "ಬ್ರೇಕಿಗೆ?" ಎಂದರು.

"ಅದು ಕೊನೆಗೆ ನೋಡೋಣ, ಹಣ ಉಳಿದರೆ" ಎಂಬ ಮಾತು ನನ್ನ ಬಾಯಿಂದ ಬಂದೇಬಿಟ್ಟಿತು.

ಹೇಳಿದ ಮರುಗಳಿಗೆ ಮೈ ಜುಮ್ಮೆಂದಿತು. ಇದೇ ಮಾತನ್ನು ನಾನು ಇದೇ ಕಾರಿನ ವಿಷಯದಲ್ಲಿ ನಲವತ್ತು ವರ್ಷದ ಹಿಂದೆ ಆಡಿದ್ದೆ. ಆ ಹೊತ್ತಿಗೆ ಸರಿಯಾಗಿ ಮೊಮ್ಮಗಳು ಡ್ಯಾಶ್‌ಬೋರ್ಡಿನ ಪೆಟ್ಟಿಗೆ ಗುಡಿಸುತ್ತಾ ಹಳದಿಯಾದ ಕಾಗದವೊಂದನ್ನು ಹಿಡಿದು ಬಂದಳು. "ತಾತ, ಇದು ನಿಮ್ಮ ಅಕ್ಷರ ಅಲ್ವಾ?"

ನನ್ನದೇ. ಕೊನೆಯ ಸಾಲಿನಲ್ಲಿ '40 ಸೆಕೆಂಡ್ ತಡ' ಎಂದಿತ್ತು.

ಅವತ್ತು ಕೆಲಸ ಅಲ್ಲಿಗೇ ಬಿಟ್ಟು ಒಂದು ಹೋಟೆಲಿನಲ್ಲಿ ಕಾಫಿ ತರಿಸಿ, ಅವಳಿಗೆ ಎಲ್ಲವನ್ನೂ ಹೇಳಿದೆ. ನನ್ನ ಮಗನಿಗೂ ಪೂರ್ತಿ ಹೇಳದ ಕಥೆ ಅದು.

1983. ಅಣ್ಣ ಓಡಿಸುವವನು, ನಾನು ಪಕ್ಕದಲ್ಲಿ ಕೂತು ಲೆಕ್ಕ ಹಾಕುವವನು. ನಾವು ಹೋಗುತ್ತಿದ್ದ ರ‍್ಯಾಲಿಯಲ್ಲಿ ಎಲ್ಲರಿಗಿಂತ ಬೇಗ ಓಡಿದವನು ಗೆಲ್ಲುವುದಿಲ್ಲ. ಇಂತಿಷ್ಟು ದೂರವನ್ನು ಇಂತಿಷ್ಟು ವೇಗದಲ್ಲಿ ಕ್ರಮಿಸಬೇಕು, ಮೊದಲು ಹೋದರೂ ದಂಡ, ತಡವಾದರೂ ದಂಡ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಪೈಸೆಗೆ ಪೈಸೆ ತಾಳೆ ಮಾಡುವ ನನಗೆ ಹೇಳಿ ಮಾಡಿಸಿದ ಆಟ. ರ‍್ಯಾಲಿಗೆ ಮುಂಚೆ ಇದೇ ಕಲಾಸಿಪಾಳ್ಯದಲ್ಲಿ ಗಾಡಿಯನ್ನು ಹುರಿಗೊಳಿಸಿದ್ದೆವು. ಹೆಡ್ಡು ಸವೆಸಿ ಒತ್ತಡ ಹೆಚ್ಚಿಸಿದೆವು, ಸೈಲೆನ್ಸರು ಬದಲಾಯಿಸಿದೆವು, ದೊಡ್ಡ ಜೆಟ್ಟು ಹಾಕಿಸಿದೆವು. ಬ್ರೇಕಿನ ಲೈನರು ಸವೆದಿತ್ತು. ಅಣ್ಣ ಅದನ್ನೂ ಮಾಡಿಸೋಣ ಎಂದ. ಹಣದ ಲೆಕ್ಕ ನನ್ನದು. "ಅದು ಮುಂದಿನ ತಿಂಗಳ ಸಂಬಳಕ್ಕೆ" ಎಂದವನು ನಾನು.

ಚಾರ್ಮಾಡಿ ಘಟ್ಟ ಇಳಿಯುತ್ತಿದ್ದೆವು. ಸರಾಸರಿ ಗಂಟೆಗೆ 36 ಕಿ.ಮೀ. ಇರಬೇಕು, ಅಂದರೆ ಸೆಕೆಂಡಿಗೆ ಹತ್ತು ಮೀಟರ್. ಎಮ್ಮೆಗಳು ಅಡ್ಡ ಬಂದು 40 ಸೆಕೆಂಡು ತಡವಾಯಿತು. ನಾನು ತಕ್ಷಣ ಲೆಕ್ಕ ಹಾಕಿದೆ. 54 ಕಿ.ಮೀ. ವೇಗದಲ್ಲಿ 1200 ಮೀಟರ್ ಓಡಿದರೆ 120 ಸೆಕೆಂಡಿನ ದಾರಿ 80 ಸೆಕೆಂಡಿನಲ್ಲಿ ಮುಗಿಯುತ್ತದೆ, 40 ಸೆಕೆಂಡು ವಾಪಸು ಬರುತ್ತದೆ. "ಅಣ್ಣ, ಐವತ್ನಾಲ್ಕು ಹಿಡಿ" ಎಂದೆ. ಅವನು ಹಿಡಿದ. ನನ್ನ ಮಾತಿನ ಮೇಲೆ ಅವನಿಗೆ ಅಷ್ಟು ನಂಬಿಕೆ.

ನನ್ನ ಲೆಕ್ಕ ಒಂದು ಸೆಕೆಂಡೂ ತಪ್ಪಿರಲಿಲ್ಲ. ಬಿಟ್ಟುಹೋಗಿದ್ದು ಬೇರೊಂದು ಲೆಕ್ಕ. ವೇಗ ಒಂದೂವರೆ ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ವೇಗ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟು. ಈ ಶಕ್ತಿಯೆಲ್ಲ ಬ್ರೇಕಿನ ಡ್ರಮ್ಮಿನಲ್ಲಿ ಶಾಖವಾಗುತ್ತದೆ. ಕಾದ ಡ್ರಮ್ಮು ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಕಾದ ಲೈನರಿಗೆ ಹಿಡಿತ ತಪ್ಪುತ್ತದೆ. ಮೂರನೇ ತಿರುವಿನಲ್ಲಿ ಅಣ್ಣ ಪೆಡಲು ಒತ್ತಿದ, ಗಾಡಿ ನಿಲ್ಲಲಿಲ್ಲ. ಬಲಗಡೆ ಕಣಿವೆ. ಅವನು ಎಡಕ್ಕೆ ತಿರುಗಿಸಿ ಮಣ್ಣಿನ ದಿಬ್ಬಕ್ಕೆ ಗುದ್ದಿಸಿದ. ನನಗೆ ಒಂದು ಗೀರೂ ಆಗಲಿಲ್ಲ. ಅವನ ಮೊಣಕಾಲು ಸ್ಟೀರಿಂಗಿನ ಕಂಬಕ್ಕೆ ಬಡಿದು ಪುಡಿಯಾಯಿತು. ಬದುಕಿರುವ ತನಕ ಕುಂಟಿದ. ಒಂದು ದಿನವೂ "ನೀನು ಹೇಳಿದ್ದಕ್ಕೆ" ಎನ್ನಲಿಲ್ಲ. ನಾನೂ "ನನ್ನದು ತಪ್ಪು" ಎನ್ನಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಮೂವತ್ತೆಂಟು ವರ್ಷ ಕಳೆದೆ. ಆಮೇಲೆ ಕೇಳುವುದಕ್ಕೆ ಅವನೇ ಇರಲಿಲ್ಲ.

ಮೊಮ್ಮಗಳು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಜೇಬಿಗಿಟ್ಟು, "ತಾತ, ಟರ್ಬೊ ಬೇಡ. ಬ್ರೇಕ್ ಮಾಡಿಸೋಣ" ಎಂದಳು.

ಮರುದಿನ ಖರ್ಚಿನ ಪಟ್ಟಿಯನ್ನು ತಲೆಕೆಳಗು ಮಾಡಿದೆವು. ಮೊದಲು ಬ್ರೇಕು, ಆಮೇಲೆ ಟೈರು, ಆಮೇಲೆ ಸೀಟ್ ಬೆಲ್ಟು, ಆಮೇಲೆ ಇಂಜಿನ್, ಕೊನೆಗೆ ಬಣ್ಣ. ಭಾಯಿ ಪಟ್ಟಿ ನೋಡಿ, "ಈಗ ಸರಿ" ಎಂದರು, ಅಷ್ಟೇ.

ನಾಲ್ಕೂ ಡ್ರಮ್ಮುಗಳನ್ನು ಬಿಚ್ಚಿ ಲೇತಿಗೆ ಒಯ್ದೆವು. ದುಂಡಗಿರಬೇಕಾದ ಡ್ರಮ್ಮು ಸವೆದು ಮೊಟ್ಟೆಯ ಆಕಾರಕ್ಕೆ ತಿರುಗಿದ್ದರೆ ಪೆಡಲು ಕಾಲಿನಡಿ ನಡುಗುತ್ತದೆ. ಲೇತಿನಲ್ಲಿ ಕಾಗದದಷ್ಟು ತೆಳ್ಳಗೆ ಕೆರೆದು ಮತ್ತೆ ದುಂಡಗೆ ಮಾಡಿದರು. ಹಳೆಯ ಲೈನರು ಕಿತ್ತು ಹೊಸದನ್ನು ರಿವೆಟ್ ಹೊಡೆಸಿದೆವು. ಒಂದು ಎಚ್ಚರಿಕೆ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬಾಯಿಯಿಂದ ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಚಕ್ರದ ಸಿಲಿಂಡರು, ಮಾಸ್ಟರ್ ಸಿಲಿಂಡರು, ರಬ್ಬರಿನ ಕೊಳವೆಗಳು ಎಲ್ಲ ಹೊಸದು. ಬ್ರೇಕ್ ಎಣ್ಣೆಯೂ ಹೊಸದು. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದ ಎಣ್ಣೆ ಕಾದಾಗ ಕುದಿದು ಗುಳ್ಳೆ ಬರುತ್ತದೆ, ಪೆಡಲು ಸ್ಪಂಜಿನಂತಾಗುತ್ತದೆ. ಆದ್ದರಿಂದ ಗಾಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು.

ಗಾಳಿ ತೆಗೆಯುವ ಕೆಲಸದಲ್ಲಿ ಮೊಮ್ಮಗಳಿಗೂ ಪಾಲು ಸಿಕ್ಕಿತು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ಅಂದರೆ ಹಿಂದಿನ ಎಡ ಚಕ್ರದಿಂದ ಶುರು. ಅವಳು ಒಳಗೆ ಕೂತು ಪೆಡಲು ಒತ್ತುವುದು, ಭಾಯಿಯ ಹುಡುಗ ಕೆಳಗೆ ನಿಪ್ಪಲು ಸಡಿಲಿಸುವುದು. "ಒತ್ತಿ... ಹಿಡೀರಿ... ಬಿಡಿ." ಸೀಸೆಯಲ್ಲಿ ಗುಳ್ಳೆಗಳು ಬುಳುಬುಳು ಎಂದವು. ನಲವತ್ತಕ್ಕೂ ಹೆಚ್ಚು ಸಲ ಒತ್ತಿ ಅವಳ ಕಾಲು ಸೋತಿತು. ಗುಳ್ಳೆ ನಿಂತಾಗ, "ಈಗ ಕಲ್ಲು ತುಳಿದ ಹಾಗಿದೆ ತಾತ" ಎಂದಳು.

ಬೇರೆ ಕೆಲವು ಸುಧಾರಣೆಗಳನ್ನೂ ಮಾಡಿದೆವು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆಸುತ್ತಾರೆ. ನೂರಕ್ಕೆ ಇಪ್ಪತ್ತು ಪಾಲಿನದು 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಹಳೆಯ ರಬ್ಬರು ಅದಕ್ಕೆ ಉಬ್ಬುತ್ತದೆ, ಬಿರಿಯುತ್ತದೆ. ಆದ್ದರಿಂದ ಪೆಟ್ರೋಲಿನ ಕೊಳವೆಗಳು, ಪಂಪಿನ ಪೊರೆ ಎಲ್ಲವನ್ನೂ ಎಥೆನಾಲ್ ತಡೆಯುವಂಥದಕ್ಕೆ ಬದಲಿಸಿದೆವು. ಸೀಸ ಬೆರೆತ ಪೆಟ್ರೋಲು 2000ದಲ್ಲೇ ನಿಂತಿತು. ಆ ಸೀಸ ವಾಲ್ವುಗಳ ಕೂರುವ ಜಾಗ ಸವೆಯದ ಹಾಗೆ ಕಾಯುತ್ತಿತ್ತು. ಈಗ ಅದಿಲ್ಲದ್ದರಿಂದ ಗಟ್ಟಿ ಲೋಹದ ಸೀಟುಗಳನ್ನು ಹಾಕಿಸಿದೆವು.

ಡಿಸ್ಕ್ ಬ್ರೇಕು, ಬೇರೆ ಇಂಜಿನ್ನು ಹಾಕಿಸಬಾರದೇ ಎಂದು ಕೆಲವರು ಕೇಳಿದರು. ಕಾರ್ಖಾನೆಯ ಮೂಲ ವಿವರಕ್ಕೆ ಬೇರೆಯಾಗುವಂತೆ ಗಾಡಿಯನ್ನು ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಅಂಥ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಭಾಯಿಯ ಮಾತು ನನಗೆ ಕಾನೂನಿಗಿಂತ ಹಿಡಿಸಿತು. "ಡ್ರಮ್ಮು ಸರಿಯಾಗಿದ್ರೆ ಈ ಗಾಡಿ ವೇಗಕ್ಕೆ ಸಾಕು ಯಜಮಾನ್ರೇ. ಗಾಡಿ ವೇಗ ಮೀರೋರಿಗೆ ಯಾವ ಬ್ರೇಕೂ ಸಾಲಲ್ಲ."

ಹನ್ನೊಂದನೇ ದಿನ ಗಾಡಿ ಸಿದ್ಧವಾಯಿತು. ನೂರು ರೂಪಾಯಿಯಲ್ಲಿ ಹೆಚ್ಚುಕಡಿಮೆ ಐವತ್ತು ನಿಲ್ಲಿಸುವುದಕ್ಕೆ, ಮೂವತ್ತು ಓಡಿಸುವುದಕ್ಕೆ, ಇಪ್ಪತ್ತು ಅಂದಕ್ಕೆ ಹೋಗಿತ್ತು. ಬಣ್ಣ ಪೂರ್ತಿ ಹೊಡೆಸಲು ಹಣ ಸಾಲಲಿಲ್ಲ. ಎಡಗಡೆಯ ವೆಲ್ಡಿಂಗಿನ ಗುರುತು ಹಾಗೇ ಇದೆ. ಮುಚ್ಚಿಸಬೇಡಿ ಎಂದು ನಾನೇ ಹೇಳಿದೆ.

ಭಾನುವಾರ ಬೆಳಗ್ಗೆ ಆರು ಗಂಟೆಗೆ, ರಸ್ತೆ ಖಾಲಿ ಇರುವಾಗ ಹೊರಟೆವು. ನನಗೆ ಕಣ್ಣಿನ ಆಪರೇಷನ್ ಆಗಿದೆ, ಆದ್ದರಿಂದ ಸ್ಟೀರಿಂಗು ನನ್ನ ಮಗನದು. ನಾನು ನಲವತ್ತೊಂದು ವರ್ಷದ ಮೇಲೆ ಮತ್ತೆ ಎಡಗಡೆ ಸೀಟಿನಲ್ಲಿ ಕೂತೆ. ಹಿಂದೆ ಮೊಮ್ಮಗಳು. ಕಲಾಸಿಪಾಳ್ಯದಿಂದ ಮಿನರ್ವ ವೃತ್ತ, ಲಾಲ್‌ಬಾಗಿನ ಪಶ್ಚಿಮ ದ್ವಾರ, ಗಾಂಧಿಬಜಾರು. ಖಾಲಿ ಜಾಗ ನೋಡಿ ಮಗ, "ಅಪ್ಪ, ಒತ್ತಲಾ?" ಎಂದ. "ಒತ್ತು" ಎಂದೆ. ಕೈ ಬೆವರಿತ್ತು. ಗಾಡಿ ಅತ್ತಿತ್ತ ಎಳೆಯದೆ, ಗೆರೆ ಎಳೆದ ಹಾಗೆ ನೇರವಾಗಿ ನಿಂತಿತು. ಹಿಂದಿನಿಂದ ಮೊಮ್ಮಗಳು ಚಪ್ಪಾಳೆ ತಟ್ಟಿದಳು.

ಗಾಂಧಿಬಜಾರಿನಲ್ಲಿ ಕಾಫಿ ಕುಡಿಯುವಾಗ ಮಗನಿಗೂ ಘಟ್ಟದ ಕಥೆ ಹೇಳಿದೆ. ಅವನು, "ದೊಡ್ಡಪ್ಪ ನನಗೆ ಯಾವತ್ತೋ ಹೇಳಿದ್ರು ಅಪ್ಪ. 'ಬ್ರೇಕು ಸವೆದದ್ದು ಗೊತ್ತಿದ್ದೂ ಐವತ್ನಾಲ್ಕು ಹಿಡಿದವನು ನಾನು, ನಿಮ್ಮಪ್ಪ ಸುಮ್ಮನೆ ಕೊರಗ್ತಾನೆ' ಅಂದಿದ್ರು" ಎಂದ. ನನಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಇಬ್ಬರೂ ಒಂದೇ ತಪ್ಪನ್ನು ತಮ್ಮ ತಮ್ಮ ಲೆಕ್ಕಕ್ಕೆ ಬರೆದುಕೊಂಡು ಸುಮ್ಮನಿದ್ದೆವು. ಒಂದು ದಿನ ಕೂತು ತಾಳೆ ಮಾಡಿದ್ದರೆ ಎಷ್ಟು ಹಗುರಾಗುತ್ತಿತ್ತು!

ತಾತಂದಿರೇ, ನಿಮ್ಮ ಮನೆಯಲ್ಲೂ ಹಳೆಯ ಗಾಡಿಯೋ, ಹೊಲಿಗೆ ಯಂತ್ರವೋ, ರೇಡಿಯೋವೋ ಮೂಲೆಯಲ್ಲಿದ್ದರೆ ಮೊಮ್ಮಕ್ಕಳ ಜೊತೆ ಕೂತು ಬಿಚ್ಚಿ ನೋಡಿ. ಕಲಾಸಿಪಾಳ್ಯಕ್ಕೆ ಬರುವುದಾದರೆ ಭಾನುವಾರ ಬೇಡ, ವಾರದ ದಿನ ಹತ್ತೂವರೆಗೆ ಬನ್ನಿ. ಕಾಲಿಗೆ ಬೂಟು, ಕೈಯಲ್ಲಿ ಬಟ್ಟೆಯ ಚೀಲ ಇರಲಿ. ಹಳೆಯ ಸಾಮಾನನ್ನು ಮರೆಯದೆ ತನ್ನಿ.

ಮಕ್ಕಳೇ, ನೀವು ಮುಂದೆ ಎಂಥ ಗಾಡಿ ಕೊಂಡರೂ ಮೊದಲು ಬಗ್ಗಿ ಚಕ್ರದೊಳಗೆ ನೋಡಿ. ಬಾನೆಟ್ಟನ್ನು ಆಮೇಲೆ ತೆಗೆದರಾಯಿತು.